'ಬಿಟ್ಟಿದ್ದೇವೆ', 'ಸೇರಿಸಿಲ್ಲ': ಒಂದು ಪದಕದ ಕಡತ

ಕೇಳುಗರಿಗೆ ನಮಸ್ಕಾರ.

ವಿದ್ವತ್ ಸಂಸ್ಥೆಯೊಂದು ವಿದ್ವಾಂಸರೊಬ್ಬರಿಗೆ ಪದಕ ಕೊಟ್ಟರೆ ಹೊರಗೆ ಕಾಣುವುದು ಒಂದು ಸಾಲಿನ ಪ್ರಕಟಣೆ. ಯಾವ ಕೆಲಸಕ್ಕೆ ಕೊಟ್ಟರು, ಯಾರು ತಕರಾರು ತೆಗೆದರು ಎಂಬುದೆಲ್ಲ ಪತ್ರಗಳಲ್ಲಿ ಅಡಗಿರುತ್ತದೆ. ಇವತ್ತು ಅಂಥ ಒಂದು ಕಡತ ಬಿಚ್ಚೋಣ: ಲಂಡನ್ನಿನ ರಾಯಲ್ ಸೊಸೈಟಿ 1864ರಲ್ಲಿ ಚಾರ್ಲ್ಸ್ ಡಾರ್ವಿನ್‌ಗೆ ಕೊಟ್ಟ ಕಾಪ್ಲಿ ಪದಕದ್ದು. ಸೊಸೈಟಿಯ ಅತಿ ದೊಡ್ಡ ಗೌರವ ಅದು, 1731ರಿಂದ ನಡೆದುಬಂದದ್ದು. ಹಿಂದಿನ ವರ್ಷ ಪದಕ ಹೋಗಿದ್ದು ಭೂವಿಜ್ಞಾನಿ ಆಡಂ ಸೆಜ್‌ವಿಕ್‌ಗೆ. ಡಾರ್ವಿನ್‌ಗೆ ಭೂವಿಜ್ಞಾನ ಕಲಿಸಿದವರು, ನೈಸರ್ಗಿಕ ಆಯ್ಕೆಯಿಂದ ಹೊಸ ಜೀವಪ್ರಭೇದಗಳು ಹುಟ್ಟುತ್ತವೆ ಎನ್ನುವ ಡಾರ್ವಿನ್ನರ 'ಪ್ರಭೇದಗಳ ಉಗಮ' ಪುಸ್ತಕವನ್ನು ಕಟುವಾಗಿ ವಿರೋಧಿಸಿದವರು.

ಕಡತದ ಮುಖ್ಯ ಪತ್ರದ ತಾರೀಖು 1864ರ ಅಕ್ಟೋಬರ್ 25. ಬರೆದವರು ಹ್ಯೂ ಫಾಲ್ಕನರ್. ನಮ್ಮ ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಂಡವರು, ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆ ಅಗೆದವರು. ಆಗ ಅವರು ಫ್ರಾನ್ಸಿನ ಮೊಂತೊಬಾನ್‌ನಲ್ಲಿದ್ದರು. ಸಭೆಗೆ ಬರಲಾಗದ್ದರಿಂದ ಸೊಸೈಟಿಯ ಕಾರ್ಯದರ್ಶಿ ವಿಲಿಯಂ ಶಾರ್ಪಿಗೆ ಉದ್ದನೆಯ ಪತ್ರ ಬರೆದು ಡಾರ್ವಿನ್ ಹೆಸರು ಎತ್ತಿಹಿಡಿದರು. ಲಂಡನ್ನಿನಲ್ಲೇ ಇದ್ದಿದ್ದರೆ ಬಾಯಲ್ಲೇ ಹೇಳಿಬಿಡುತ್ತಿದ್ದರು, ನಮಗೇನೂ ಉಳಿಯುತ್ತಿರಲಿಲ್ಲ.

ಆ ಪತ್ರದಲ್ಲಿ ಕೆಲಸಗಳ ಜೋಡಣೆ ಗಮನಿಸಿ. ಹವಳದ ದಿಬ್ಬಗಳು, ಬಾರ್ನಕಲ್ ಎಂಬ ಚಿಪ್ಪುಜೀವಿಗಳು, ಆರ್ಕಿಡ್ ಹೂವುಗಳು ಹೀಗೆ ಯಾರೂ ತಕರಾರು ಎತ್ತದ ಸಂಗತಿಗಳನ್ನು ಹೇಳಿಕೊಂಡು ಬಂದು, ಕೊನೆಗೆ 'ಪ್ರಭೇದಗಳ ಉಗಮ'. ಅದನ್ನು ಮುಚ್ಚಿಡಲಿಲ್ಲ, ಬಾಯಿತುಂಬ ಹೊಗಳಿದರು. ಶಿಫಾರಸು ಪತ್ರ ಓದುವಾಗ ಇದು ಮೊದಲ ಪಾಠ: ಪಟ್ಟಿಯಲ್ಲಿ ಏನಿದೆ ಎನ್ನುವಷ್ಟೇ, ಯಾವುದು ಎಲ್ಲಿದೆ ಎನ್ನುವುದೂ ಮಾತಾಡುತ್ತದೆ.

ಸೊಸೈಟಿಯ ಆಡಳಿತ ಮಂಡಳಿ ಒಪ್ಪಿತು. ನವೆಂಬರ್ 30, ವಾರ್ಷಿಕ ಸಭೆ. ಡಾರ್ವಿನ್ ಕಾಯಿಲೆಯಿಂದ ಬರಲಿಲ್ಲ. ಗೆಳೆಯ ಜಾರ್ಜ್ ಬಸ್ಕ್ ಅವರ ಪರವಾಗಿ ಪದಕ ಪಡೆದರು. ಅಧ್ಯಕ್ಷ ಎಡ್ವರ್ಡ್ ಸ್ಯಾಬಿನ್ ಭಾಷಣ ಓದಿದರು. ಭೂಕಾಂತತ್ವದ ವಿಜ್ಞಾನಿ, ಸೇನೆಯ ಮನುಷ್ಯ. ಉಗಮದ ಸಿದ್ಧಾಂತದ ಮಾತು ಬಂದಾಗ ಅವರು ಹೇಳಿದ್ದು: ಒಟ್ಟಾರೆಯಾಗಿ ನಾವು ಅದನ್ನು ಪ್ರಶಸ್ತಿಯ ಆಧಾರಗಳಿಂದ ಸ್ಪಷ್ಟವಾಗಿ ಕೈಬಿಟ್ಟಿದ್ದೇವೆ.

ಈ 'ನಾವು' ಯಾರು? ಪೇಚು ಅಲ್ಲಿದೆ. ಮಂಡಳಿ ಕೂತು ಚರ್ಚಿಸಿ ಸಿದ್ಧಾಂತವನ್ನು ತೆಗೆದುಹಾಕಿದೆ, ಡಾರ್ವಿನ್ನರ ಗೆಳೆಯರೂ ಅದಕ್ಕೆ ತಲೆಯಾಡಿಸಿ ಪದಕ ಇಸಕೊಂಡಿದ್ದಾರೆ ಎಂಬ ಅರ್ಥ ಬರುತ್ತದೆ. ಡಾರ್ವಿನ್ನರ ಪರ ವಾದಿಸುತ್ತಿದ್ದ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಇದನ್ನು ನಿರೀಕ್ಷಿಸಿಯೇ ಬಂದಿದ್ದರು. ಭಾಷಣದ ನಡುವೆ ಗದ್ದಲ ಮಾಡಲಿಲ್ಲ. ಭಾಷಣವನ್ನು ಅಚ್ಚು ಹಾಕಿಸಬೇಕೆಂಬ ನಿರ್ಣಯ ಬರುವ ತನಕ ಕಾದು, ಆಮೇಲೆ ತಣ್ಣಗೆ ಎದ್ದು, ಪದಕ ಕೊಡಲು ಮಂಡಳಿ ಮಾಡಿದ ನಿರ್ಣಯದ ನಡಾವಳಿ ಓದಿಸಿ ಎಂದರು. ಸದಸ್ಯನಾಗಿ ಅದು ಅವರ ಹಕ್ಕು. ಓದಿಸಿದರು. ಅದರಲ್ಲಿ ಅಂಥ ಷರತ್ತೇ ಇರಲಿಲ್ಲ. ಕೂಗಾಡಿದ್ದರೆ ಕೆಲಸ ಕೆಡುತ್ತಿತ್ತು. ನಡಾವಳಿ ಕೇಳಿದ್ದು ಜಾಣತನ.

ಭಾಷಣ ಸೊಸೈಟಿಯ ನಡಾವಳಿ ಪತ್ರಿಕೆಯಲ್ಲಿ ಅಚ್ಚಾದಾಗ ವಾಕ್ಯ ಬದಲಾಗಿತ್ತು: 'ಕೈಬಿಟ್ಟಿದ್ದೇವೆ' ಹೋಗಿ 'ನಮ್ಮ ಪ್ರಶಸ್ತಿಯಲ್ಲಿ ಸೇರಿಸಿಲ್ಲ' ಆಯಿತು. ಹೊರಗೆ ಹಾಕುವುದು ಬೇರೆ, ಒಳಗೆ ತರದಿರುವುದು ಬೇರೆ. ಅಚ್ಚಾದ ಪುಟ ಒಂದನ್ನೇ ನಂಬಿದವರಿಗೆ ಈ ಜಗಳದ ಸುಳಿವೂ ಸಿಗುವುದಿಲ್ಲ.

ಹಾಗಾದರೆ ಸಭೆಯಲ್ಲಿ ಆಡಿದ ಮಾತು ನಮಗೆ ಹೇಗೆ ಗೊತ್ತು? ಡಾರ್ವಿನ್ನರ ಆಪ್ತ, ಸಸ್ಯವಿಜ್ಞಾನಿ ಜೋಸೆಫ್ ಹೂಕರ್ ಆ ದಿನ ಸಭೆಗೆ ಬಂದಿರಲಿಲ್ಲ. ಹಕ್ಸ್‌ಲಿ ಡಿಸೆಂಬರ್ 3ರಂದು ಅವರಿಗೆ ನಡೆದುದನ್ನೆಲ್ಲ ಬರೆದರು, ಸ್ಯಾಬಿನ್ ವಾಕ್ಯವನ್ನು ಉದ್ಧರಿಸಿಯೇ. ಹೂಕರ್ ಬಂದಿದ್ದರೆ ಆ ಪತ್ರಕ್ಕೆ ಕಾರಣವೇ ಇರಲಿಲ್ಲ. ಪತ್ರಾಗಾರ ತುಂಬುವುದು ಗೈರುಹಾಜರಾದವರಿಂದ.

ಇಂಥ ಕಡತ ಹುಡುಕಹೊರಟವರು ಒಂದೇ ಕಪಾಟಿನಲ್ಲಿ ಎಲ್ಲವೂ ಸಿಗುತ್ತದೆಂದುಕೊಂಡರೆ ಮೋಸಹೋಗುತ್ತಾರೆ. ಪತ್ರ ಉಳಿಯುವುದು ಸಾಮಾನ್ಯವಾಗಿ ಪಡೆದವರ ಬಳಿ. ಸಂಸ್ಥೆಯ ಕಪಾಟಿನಲ್ಲಿ ಬಂದ ಪತ್ರಗಳು, ನಡಾವಳಿ ಪುಸ್ತಕ ಇರುತ್ತವೆ. ಹೋದ ಪತ್ರಗಳಿಗೆ ಬೇರೆ ಊರು ನೋಡಬೇಕು. ಡಾರ್ವಿನ್ನರ ಕಾಗದಗಳ ದೊಡ್ಡ ಸಂಗ್ರಹ ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ, ಹಕ್ಸ್‌ಲಿ ಕಾಗದಗಳು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ. ಹಾಗಾಗಿ ಮೊದಲು ಹೆಸರುಗಳ ಪಟ್ಟಿ ಮಾಡಿ: ಸೂಚಿಸಿದವರು, ಅನುಮೋದಿಸಿದವರು, ಕಾರ್ಯದರ್ಶಿ, ಪಡೆದವರು, ಗೈರಾದವರು. ಆಮೇಲೆ ಪ್ರತಿಯೊಬ್ಬರ ಕಾಗದ ಎಲ್ಲಿದೆ ಎಂದು ಹುಡುಕಿ.

ಇನ್ನೊಂದು ತೊಡಕು ತಾರೀಖಿನದು. ಡಾರ್ವಿನ್ ಎಷ್ಟೋ ಸಲ ದಿನ, ತಿಂಗಳು ಬರೆದು ವರ್ಷ ಬಿಡುತ್ತಿದ್ದರು. ಲಕೋಟೆ ಎಸೆದಿದ್ದರೆ ಅಂಚೆ ಮುದ್ರೆಯೂ ಇಲ್ಲ. ಸಂಪಾದಕರು ಒಳಗಿನ ಸುಳಿವಿನಿಂದ ವರ್ಷ ಗೊತ್ತುಮಾಡಿ ಚೌಕ ಕಂಸದಲ್ಲಿ ಹಾಕುತ್ತಾರೆ. ನಕಲು ಮಾಡುವವರು ಆ ಕಂಸ ಬಿಟ್ಟರೆ ಊಹೆ ಸಂಗತಿಯಾಗಿಬಿಡುತ್ತದೆ. ಬೆಳಕಿಗೆ ಹಿಡಿದರೆ ಕಾಣುವ ಕಾಗದದ ನೀರಗುರುತಿನಲ್ಲಿ ವರ್ಷವಿದ್ದರೂ ಅದು ಹೇಳುವುದು ಪತ್ರ ಅದಕ್ಕಿಂತ ಹಳೆಯದಲ್ಲ ಎಂದಷ್ಟೆ. ಹಳೆ ಕಾಗದ ಮುಗಿಯುವ ತನಕ ಬರೆಯುವವರು ಎಲ್ಲ ಕಾಲದಲ್ಲೂ ಇದ್ದಾರೆ.

ಅಂಥದ್ದೇ ಒಂದು ಪತ್ರ ಕೇಂಬ್ರಿಜ್‌ನ ಕ್ರೈಸ್ಟ್ಸ್ ಕಾಲೇಜಿನಲ್ಲಿದೆ. ಡಾರ್ವಿನ್ ತಮ್ಮ ಬಂಧು ವಿಲಿಯಂ ಡಾರ್ವಿನ್ ಫಾಕ್ಸ್‌ಗೆ ಬರೆದದ್ದು. ತಾರೀಖು ನವೆಂಬರ್ 30, ವರ್ಷ ಕಂಸದೊಳಗೆ. ಲಂಡನ್ನಿನಲ್ಲಿ ಸ್ಯಾಬಿನ್ ಭಾಷಣ ಓದಿದ ದಿನವೇ. ಗೆಳೆಯರ ಕೆಲವು ಪ್ರೀತಿಯ ಪತ್ರಗಳನ್ನು ಬಿಟ್ಟರೆ ಇಂಥವು ತನಗೆ ದೊಡ್ಡದಲ್ಲ ಎನ್ನುತ್ತಾರೆ; ಆದರೆ ಈ ಪದಕದಿಂದ ನೈಸರ್ಗಿಕ ಆಯ್ಕೆ ಈ ದೇಶದಲ್ಲಿ ಮುಂದೆ ಸಾಗುತ್ತಿದೆ ಎಂದು ಕಾಣುತ್ತದೆ, ಅದು ಖುಷಿಯ ಸಂಗತಿ ಎಂದೂ ಸೇರಿಸುತ್ತಾರೆ.

ನಮಸ್ಕಾರ.