ಕರಗಿದ್ದು ಸಿಲಿಕೋನ್ ಅಲ್ಲ

ಈ ಸ್ಪ್ಯಾಚುಲಾ ನೋಡಿ. ತುದಿಯ ಕೆಂಪು ಸಿಲಿಕೋನ್ ಹೊಸದರ ಹಾಗೇ ಇದೆ. ಬಗ್ಗಿಸಿದರೆ ಬಗ್ಗುತ್ತದೆ, ಬಿಟ್ಟರೆ ಮತ್ತೆ ನೆಟ್ಟಗಾಗುತ್ತದೆ. ಈಗ ಕ್ಯಾಮೆರಾ ಸ್ವಲ್ಪ ಕೆಳಗೆ ತರುತ್ತೇನೆ. ಹಿಡಿಕೆ ಶುರುವಾಗುವ ಜಾಗದಲ್ಲಿ ಬೆರಳು ಕೂರುವಷ್ಟು ತಗ್ಗು ಬಿದ್ದಿದೆ, ಅಲ್ವಾ? ಅದರ ಅಂಚು ಉಬ್ಬಿಕೊಂಡು ಹಾಗೇ ಗಟ್ಟಿಯಾಗಿದೆ. ಬಿಸಿ ಬಾಣಲೆಯ ಅಂಚಿಗೆ ಇದನ್ನು ಒರಗಿಸಿ ಫೋನ್ ತರಲು ಹೋಗಿದ್ದೆ. ಬರುವಷ್ಟರಲ್ಲಿ ಹೀಗಾಗಿತ್ತು.

ಪ್ಯಾಕೆಟ್ ಮೇಲೆ 230 ಡಿಗ್ರಿ ಎಂದು ದೊಡ್ಡದಾಗಿ ಬರೆದಿತ್ತು. ಸುಳ್ಳು ಬರೆದಿದ್ದಾರೆ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಲೆಕ್ಕ ಸಿಲಿಕೋನ್ ತುದಿಗೆ ಮಾತ್ರ. ಹಿಡಿಕೆ ನೈಲಾನ್‌ನದು. ನೈಲಾನ್ 6 ಎಂಬ ಬಗೆ ಸುಮಾರು 220 ಡಿಗ್ರಿಗೆ ಕರಗುತ್ತದೆ, ಅದಕ್ಕೂ ಎಷ್ಟೋ ಮೊದಲೇ ಮೆತ್ತಗಾಗುತ್ತದೆ. ಕೆಲವು ಸ್ಪ್ಯಾಚುಲಾಗಳಲ್ಲಿ ಸಿಲಿಕೋನ್ ಹೊದಿಕೆಯ ಒಳಗಿರುವುದೂ ನೈಲಾನ್ ಪಟ್ಟಿಯೇ. ಕೊಳ್ಳುವಾಗ ನಾನು ಈಗ ಮೊದಲು ಕೇಳುವುದು ಒಳಗೇನಿದೆ ಅಂತ. ಸ್ಟೀಲ್ ಇದ್ದರೆ ನನಗೆ ನೆಮ್ಮದಿ.

ಸಿಲಿಕೋನ್‌ಗೆ ಈ ತಾಳಿಕೆ ಎಲ್ಲಿಂದ ಬಂತು? ಸಾಮಾನ್ಯ ಪ್ಲಾಸ್ಟಿಕ್‌ನ ಎಳೆಗಳಿಗೆ ಬೆನ್ನೆಲುಬು ಇಂಗಾಲ. ಸಿಲಿಕೋನ್‌ನಲ್ಲಿ ಹಾಗಲ್ಲ. ಒಂದು ಸಿಲಿಕಾನ್ (ಹೆಸರು ಹತ್ತಿರ, ಆದರೆ ಇದು ಮೂಲಧಾತು), ಒಂದು ಆಕ್ಸಿಜನ್, ಮತ್ತೆ ಸಿಲಿಕಾನ್, ಹೀಗೆ ಸರಪಳಿ ಸಾಗುತ್ತದೆ. ಮರಳಿನಲ್ಲಿ, ಗಾಜಿನಲ್ಲಿ ಇರುವ ಬೆಸುಗೆಯೂ ಇದೇ. ಮುರಿಯಲು ಜಾಸ್ತಿ ಶಾಖ ಬೇಕು. ಮೇಲಾಗಿ ಎಳೆಗಳು ಒಂದಕ್ಕೊಂದು ಬೆಸೆದುಕೊಂಡಿರುವುದರಿಂದ ಸಿಲಿಕೋನ್ ಕರಗಿ ಹರಿಯುವುದೇ ಇಲ್ಲ. ಮಿತಿ ಮೀರಿ ಕಾದರೆ ಪೆಡಸಾಗುತ್ತದೆ, ಬಿರುಕು ಬಿಡುತ್ತದೆ. ಬೆಂಕಿಗೇ ಹಿಡಿದರೆ ಉರಿದು ಬಿಳಿ ಬೂದಿ ಉಳಿಸುತ್ತದೆ. ಆ ಬೂದಿ ಸಿಲಿಕಾ, ಅಂದರೆ ಮರಳಿನ ಮೂಲವಸ್ತು. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಹಾಗಾದರೆ ಅಡುಗೆಯಲ್ಲಿ 230 ಡಿಗ್ರಿ ಸಾಕಾ? ನೀರಿರುವ ಪಾತ್ರೆ 100ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಕರಿಯುವ ಎಣ್ಣೆ 170ರಿಂದ 190. ಎರಡಕ್ಕೂ ಏನೂ ತೊಂದರೆಯಿಲ್ಲ. ಭಯ ಇರುವುದು ಖಾಲಿ ಬಾಣಲೆಯಲ್ಲಿ. ಶಾಖ ಹೀರಿಕೊಳ್ಳಲು ಒಳಗೆ ಏನೂ ಇಲ್ಲದಿದ್ದರೆ, ಜೋರು ಉರಿಯಲ್ಲಿ ಕೆಲವೇ ನಿಮಿಷಕ್ಕೆ ಅದು 250 ದಾಟಬಹುದು. ಇನ್ನು ಗ್ಯಾಸ್ ಜ್ವಾಲೆ ಸಾವಿರ ಡಿಗ್ರಿಗೂ ಮೇಲೆ. ಚಿಕ್ಕ ಪಾತ್ರೆಗೆ ದೊಡ್ಡ ಉರಿ ಇಟ್ಟಾಗ ಅದು ಪಕ್ಕದಿಂದ ಮೇಲೇರಿ ಅಂಚನ್ನು ನೆಕ್ಕುತ್ತದೆ. ನನ್ನ ಹಿಡಿಕೆ ಒರಗಿದ್ದದ್ದು ಸರಿಯಾಗಿ ಆ ಜಾಗದಲ್ಲೇ.

ಹೊಸ ಸಿಲಿಕೋನ್ ಬಿಸಿಗೆ ವಾಸನೆ ಬಿಡುತ್ತದಾ? ಒಳಗೆ ಉಳಿದ ಸಣ್ಣ ಅಣುಗಳು ಆವಿಯಾಗುವುದೂ ಅದಕ್ಕೆ ಒಂದು ಕಾರಣ. ಅದಕ್ಕೇ ಒಳ್ಳೆಯ ತಯಾರಕರು ಅಚ್ಚಿನಿಂದ ತೆಗೆದ ಮೇಲೆ ಮತ್ತೊಮ್ಮೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಆಹಾರ ಸುರಕ್ಷತೆ ನೋಡಿಕೊಳ್ಳುವ ಜರ್ಮನಿಯ ಸರ್ಕಾರಿ ಸಂಸ್ಥೆ ಬಿಎಫ್‌ಆರ್‌ನ ಶಿಫಾರಸಿನ ಪ್ರಕಾರ ಹೀಗೆ ಆವಿಯಾಗುವ ಅಂಶ ಶೇ. 0.5 ಮೀರಬಾರದು. ವಾಸನೆ ಹೋಗದೇ ಇದ್ದರೆ ನಾನಂತೂ ಅದನ್ನು ಬಳಸುವುದಿಲ್ಲ. ತಿರುಚಿದಾಗ ಬಿಳಿ ಗೆರೆ ಬಂದರೆ ನಕಲಿ ಅನ್ನುತ್ತಾರೆ. ಅದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ.

ಈಗ ಈ ತುದಿಯನ್ನು ಎಳೆದು ತೆಗೆಯುತ್ತೇನೆ. ಬಂತು. ಅಯ್ಯೋ, ಒಳಗೆ ನೋಡಿ, ಕಂದು ಜಿಡ್ಡು, ಜೊತೆಗೆ ತೇವ. ತೊಳೆಯುವಾಗ ನುಗ್ಗಿದ ನೀರು ಇಲ್ಲೇ ಕೂತಿದೆ. ನಿಮ್ಮದೂ ಬಿಚ್ಚಿಕೊಳ್ಳುವ ಬಗೆಯಾದರೆ ಇವತ್ತೇ ಬಿಚ್ಚಿ ತೊಳೆಯಿರಿ.

ನನ್ನ ಹತ್ತಿರ ಇನ್ನೊಂದಿದೆ, ಮರದ ಹಿಡಿಕೆಯದು. ಚಾಕು ತಾಗಿ ಅದರ ಸಿಲಿಕೋನ್‌ಗೆ ಸಣ್ಣ ಗಾಯವಾಗಿತ್ತು. ಶಾಖಕ್ಕೆ ಜಗ್ಗದ ಸಿಲಿಕೋನ್ ಅಷ್ಟಕ್ಕೇ ಸೀಳುತ್ತಾ ಹೋಯಿತು. ಆ ಮರದ ಹಿಡಿಕೆಗೆ ಈ ಕೆಂಪು ತುದಿ ಕೂರುತ್ತಾ ನೋಡೋಣ. ತೊಳೆದು ಒರೆಸಿದ್ದೇನೆ. ಸ್ವಲ್ಪ ಬಿಗಿ ಇದೆ... ಇನ್ನೂ ಸ್ವಲ್ಪ... ಹಾಂ, ಕೂತಿತು.