ಕ್ಲೀನರ್ ಸೀಟು ಖಾಲಿಯಾದ ಮೇಲೆ

ಕೇಳುಗರಿಗೆಲ್ಲ ನಮಸ್ಕಾರ.

ಹೋದ ತಿಂಗಳು ನನ್ನ ಅಕ್ಕನ ಮಗ ಮನೆಗೆ ಬಂದಿದ್ದ. 21 ವರ್ಷದ ಹುಡುಗ. ಊರು ಭರಮಸಾಗರದ ಹತ್ತಿರ. ಕಾರು ಓಡಿಸುವ ಲೈಸೆನ್ಸ್ ಆಗಿ ಒಂದು ವರ್ಷ ದಾಟಿದೆ. ಹಾಗಾಗಿ ಈಗ ಹೆವಿ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಊಟ ಆದ ಮೇಲೆ ಮೊಬೈಲಿನಲ್ಲಿ ಒಂದು ವಿಡಿಯೊ ತೋರಿಸಿದ. ಅಮೆರಿಕದ ಹೆದ್ದಾರಿ. ದೊಡ್ಡ ಟ್ರಕ್ ಓಡುತ್ತಿದೆ. ಸ್ಟೇರಿಂಗ್ ತಾನಾಗೇ ಒಂಚೂರು ಆ ಕಡೆ, ಒಂಚೂರು ಈ ಕಡೆ ತಿರುಗುತ್ತಿದೆ. ಸೀಟಿನಲ್ಲಿ ಯಾರೂ ಇಲ್ಲ.

"ಮಾವ, ಇದು ಇಲ್ಲಿಗೂ ಬಂದ್ರೆ ಹೆಂಗೆ? ಹೆವಿ ಲೈಸೆನ್ಸ್ ಮಾಡಿಸ್ಲಾ, ಬ್ಯಾಡ್ವಾ?" ಅಂದ.

ನನಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ನಾನು 1987ರಲ್ಲಿ, 16ನೇ ವಯಸ್ಸಿಗೆ ಕ್ಲೀನರ್ ಆಗಿ ಲಾರಿ ಹತ್ತಿದವನು. ಆಮೇಲೆ 26 ವರ್ಷ ಡ್ರೈವರ್ ಆಗಿ ದುಡಿದೆ. ಈಗ ದಾವಣಗೆರೆ ಎಪಿಎಂಸಿ ಹತ್ತಿರ ಒಂದು ಲಾರಿ ಆಫೀಸಿನಲ್ಲಿ ಕೂತು ಬಿಲ್ಟಿ, ಅಂದರೆ ಲೋಡಿನ ರಸೀದಿ, ಬರೆಯುತ್ತೇನೆ. ತಂಗಿ ಮದುವೆ, ಮಕ್ಕಳ ಓದು, ತಲೆ ಮೇಲಿನ ಸೂರು, ಎಲ್ಲ ಆ ಸ್ಟೇರಿಂಗಿನಿಂದಲೇ ಆಗಿದ್ದು. ಆ ಸೀಟು ಖಾಲಿ ಇರುವುದನ್ನು ನೋಡಿ ಹೊಟ್ಟೆಯಲ್ಲಿ ಏನೋ ಕಲಸಿದ ಹಾಗಾಯಿತು. ಅವತ್ತಿನಿಂದ ಇದೇ ಯೋಚನೆ. ಸಿಕ್ಕಿದ್ದನ್ನೆಲ್ಲ ಓದಿದೆ, ತಿಳಿದವರನ್ನು ಕೇಳಿದೆ.

ಆ ವಿಡಿಯೊ ಸುಳ್ಳಲ್ಲ. 2016ರಲ್ಲೇ ಅಮೆರಿಕದ ಕೊಲರಾಡೊದಲ್ಲಿ ಒಟ್ಟೊ ಎನ್ನುವ ಕಂಪನಿಯ ಟ್ರಕ್ ಬಿಯರ್ ಲೋಡು ಹೊತ್ತು ಹೆದ್ದಾರಿಯಲ್ಲಿ ಸುಮಾರು 190 ಕಿಲೋಮೀಟರ್ ತಾನೇ ಓಡಿತು. ಹತ್ತಿರ ಹತ್ತಿರ ಚಿತ್ರದುರ್ಗದಿಂದ ಬೆಂಗಳೂರಿನಷ್ಟು ದೂರ. ಡ್ರೈವರ್ ಹಿಂದೆ ಮಲಗುವ ಜಾಗದಲ್ಲಿ ಕೂತಿದ್ದ. 2025ರಲ್ಲಿ ಅರೋರಾ ಎನ್ನುವ ಕಂಪನಿ ಟೆಕ್ಸಾಸ್‌ನ ಡಲ್ಲಾಸ್ ಮತ್ತು ಹ್ಯೂಸ್ಟನ್ ನಡುವೆ ಡ್ರೈವರೇ ಇಲ್ಲದೆ ಬಾಡಿಗೆ ಲೋಡು ಹೊಡೆಯಲು ಶುರು ಮಾಡಿತು. ಕೆಲವೇ ವಾರಕ್ಕೆ, ಆ ಟ್ರಕ್ ತಯಾರಿಸಿದ ಕಂಪನಿ 'ಸೀಟಿನಲ್ಲಿ ಒಬ್ಬ ಮನುಷ್ಯ ಇರಲಿ' ಎಂದು ಕೇಳಿಕೊಂಡಿತು. ಕೂರಿಸಿದರು. ಅವನು ಗಾಡಿ ಓಡಿಸುತ್ತಿರಲಿಲ್ಲ, ನೋಡುತ್ತಾ ಕೂರುತ್ತಿದ್ದ. ಇದೇ ಕೆಲಸಕ್ಕೆ ಕೈ ಹಾಕಿ ಸೋತವರೂ ಇದ್ದಾರೆ. ಸ್ಟಾರ್‌ಸ್ಕಿ ಎನ್ನುವ ಕಂಪನಿ 2020ರಲ್ಲಿ ಮುಚ್ಚಿತು. ಗೂಗಲ್ ಬಳಗದ ವೇಮೊ 2023ರಲ್ಲಿ ಟ್ರಕ್ ಕೆಲಸ ಬದಿಗಿಟ್ಟು ಟ್ಯಾಕ್ಸಿಯ ಕಡೆ ಹೊರಳಿತು.

ಆ ಟ್ರಕ್ಕಿನ ಮೈತುಂಬ ಕ್ಯಾಮೆರಾ, ರೇಡಾರ್. ಜೊತೆಗೆ ಲೇಸರ್ ಬೆಳಕು ಬಿಟ್ಟು ದೂರ ಅಳೆಯುವ ಲೈಡಾರ್ ಎಂಬ ಉಪಕರಣ. ಹೆಡ್‌ಲೈಟ್ ಮುಟ್ಟದಷ್ಟು ದೂರವೂ ಅದಕ್ಕೆ ಕತ್ತಲಲ್ಲಿ ಕಾಣುತ್ತದೆ. ಓಡುವ ದಾರಿಯ ನಕ್ಷೆ ಮೊದಲೇ ಒಳಗೆ ಇರುತ್ತದೆ. ನಕ್ಷೆ ಇದ್ದ ದಾರಿಯಲ್ಲಿ ಓಡುತ್ತದೆ. ಆಸ್ಟ್ರೇಲಿಯಾದ ಪಿಲ್ಬರಾ ಕಬ್ಬಿಣದ ಗಣಿಗಳಲ್ಲಿ 2008ರಿಂದಲೇ ಡ್ರೈವರ್ ಇಲ್ಲದ ಟ್ರಕ್ಕುಗಳು ಅದಿರು ಹೊರುತ್ತಿವೆ. ಅಲ್ಲಿ ರಸ್ತೆಯೂ ಕಂಪನಿಯದು, ಎದುರು ಬರುವ ಗಾಡಿಯೂ ಕಂಪನಿಯದು.

ನಮ್ಮ ಚಿತ್ರದುರ್ಗ ಜಿಲ್ಲೆಯನ್ನೇ ನೋಡಿ. ಚಳ್ಳಕೆರೆ ಹತ್ತಿರದ ವೈಮಾನಿಕ ಪರೀಕ್ಷಾ ವಲಯದಲ್ಲಿ ಇಸ್ರೊದವರ 'ಪುಷ್ಪಕ್' ಎಂಬ ವಿಮಾನದಂಥ ವಾಹನ ಪೈಲಟ್ ಇಲ್ಲದೆ ಮೂರು ಸಲ ಇಳಿದಿದೆ. 2023ರ ಏಪ್ರಿಲ್‌ನಲ್ಲಿ ಒಮ್ಮೆ, 2024ರ ಮಾರ್ಚ್ ಮತ್ತು ಜೂನ್‌ನಲ್ಲಿ ಎರಡು ಸಲ. ಹೆಲಿಕಾಪ್ಟರು ಅದನ್ನು ಎತ್ತಿಕೊಂಡು ಹೋಗಿ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ಅದು ತಾನೇ ದಿಕ್ಕು ಸರಿಮಾಡಿಕೊಂಡು, ಗಂಟೆಗೆ 300 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ರನ್‌ವೇ ಮುಟ್ಟಿ, ನಿಂತಿತು. ಅದನ್ನು ಮಾಡಿದವರು ನಮ್ಮ ದೇಶದ ಎಂಜಿನಿಯರುಗಳು. ಹಾಗಾಗಿ 'ಯಂತ್ರದ ಕೈಯಲ್ಲಿ ಇದು ಆಗಲ್ಲ' ಎಂದು ನಾನು ಹೇಳುವುದಿಲ್ಲ.

ಆದರೆ ಆ ರನ್‌ವೇ ಮೇಲೆ ಯಾರೂ ರಾಗಿ ಹರಡಿರುವುದಿಲ್ಲ. ಸುಗ್ಗಿಯಲ್ಲಿ ನಮ್ಮ ಹಳ್ಳಿ ರಸ್ತೆಗೆ ಬಂದು ನೋಡಿ. ಹುರುಳಿ, ರಾಗಿ, ಸಜ್ಜೆ ಎಲ್ಲ ಟಾರು ರಸ್ತೆಯ ಮೇಲೇ ಒಕ್ಕಣೆ. ಸರ್ವಿಸ್ ರಸ್ತೆಯ ಉದ್ದಕ್ಕೂ ಮೆಕ್ಕೆಜೋಳ ಒಣಗಲು ಹಾಕಿರುತ್ತಾರೆ, ಅಂಚಿಗೆ ಸಾಲಾಗಿ ಕಲ್ಲು. ಆ ಕಲ್ಲು ನೋಡಿದ ಡ್ರೈವರಿಗೆ ಗೊತ್ತು, ಕಾಳಿನ ಆಚೆ ಒಬ್ಬ ಅಜ್ಜಿ ಕೂತಿರುತ್ತಾಳೆ, ಬೆಳಕು ಬಿದ್ದರೆ ಗಾಬರಿಯಲ್ಲಿ ಏಳುತ್ತಾಳೆ ಅಂತ. ಅವನು ದೂರದಿಂದಲೇ ಲೈಟ್ ಡಿಮ್ ಮಾಡುತ್ತಾನೆ.

ಈರುಳ್ಳಿ ಲೋಡಿನ ಒಂದು ರಾತ್ರಿಯ ಕಥೆ ಹೇಳುತ್ತೇನೆ. ಅಕ್ಟೋಬರ್ ತಿಂಗಳು. ಚಿತ್ರದುರ್ಗದ ಕಡೆಯ ಒಂದು ಹಳ್ಳಿಯಿಂದ ಯಶವಂತಪುರ ಮಾರ್ಕೆಟ್ಟಿಗೆ ಹೊರಟಿದ್ದೆ. ಬೆಳೆದ ರೈತನೂ ಕ್ಯಾಬಿನ್ನಿನಲ್ಲಿ ಕೂತಿದ್ದ. ಹಿರಿಯೂರು ದಾಟುವಾಗ ಮಳೆ ಹಿಡಿಯಿತು. ತಾಡಪಾಲು ಹೊದಿಸಿ ಹಗ್ಗ ಬಿಗಿದೆವು. ಶಿರಾ ಹೊತ್ತಿಗೆ ಮಳೆ ನಿಂತು ಧಗೆ ಶುರುವಾಯಿತು. ಈರುಳ್ಳಿ ಗೊತ್ತಲ್ಲ, ನೀರು ಬಿದ್ದರೂ ಕೆಡುತ್ತದೆ, ಗಾಳಿ ಆಡದಿದ್ದರೂ ಬೆವರಿ ಕೊಳೆಯುತ್ತದೆ. ಕಳ್ಳಂಬೆಳ್ಳದ ಹತ್ತಿರ ಗಾಡಿ ನಿಲ್ಲಿಸಿ ಲೋಡಿನ ಮೇಲೆ ಹತ್ತಿದೆ. ಎರಡು ಚೀಲದ ಸಂದಿಗೆ ಮೊಣಕೈವರೆಗೆ ಕೈ ತೂರಿಸಿದೆ. ಒಳಗೆ ಬಿಸಿ. ಬಾಣಂತಿ ಕೋಣೆಯಂಥ ಬಿಸಿ. ಪಕ್ಕದ ತಾಡಪಾಲು ಬಿಚ್ಚಿ ಮೇಲಕ್ಕೆ ಮಡಚಿ ಕಟ್ಟಿದೆವು. ಮುಕ್ಕಾಲು ಗಂಟೆ ಹೋಯಿತು. ದಾಬಸ್‌ಪೇಟೆಗೆ ಬಂದರೆ ಮತ್ತೆ ತುಂತುರು. ಮತ್ತೆ ಇಳಿದು, ಮತ್ತೆ ಹೊದಿಸಿದೆವು. ಆ ರೈತ ದಾರಿಯುದ್ದಕ್ಕೂ ಒಂದೇ ಮಾತು ಹೇಳಿದ್ದ: "ಅಣ್ಣಾ, ಇದು ಕೊಳೆತ್ರೆ ಬೀಜದ ದುಡ್ಡೂ ಹುಟ್ಟಲ್ಲ." ಬೆಳಗ್ಗೆ ಹರಾಜಿನಲ್ಲಿ ಅವನ ಮಾಲು ಒಣಗಿಕೊಂಡೇ ಇತ್ತು.

ಆ ರಾತ್ರಿ ಶಿರಾದಿಂದ ಬೆಂಗಳೂರಿನವರೆಗೆ ಸ್ಟೇರಿಂಗನ್ನು ಯಂತ್ರ ಹಿಡಿದಿದ್ದರೆ ನನಗೆ ಸಂತೋಷವೇ ಆಗುತ್ತಿತ್ತು. ಆದರೆ ಲೋಡಿನ ಮೇಲೆ ಹತ್ತುವವರು ಯಾರು? ಕೈ ತೂರಿಸಿ ನೋಡುವವರು ಯಾರು?

ಅಮೆರಿಕದಲ್ಲೂ ಇಂಥದೇ ಒಂದು ಪ್ರಶ್ನೆ ಬಂದಿದೆ. ಅಲ್ಲಿ ಟ್ರಕ್ ಕೆಟ್ಟು ನಿಂತರೆ 10 ನಿಮಿಷದ ಒಳಗೆ ಡ್ರೈವರ್ ಇಳಿದು ಹಿಂದೆ ಮುಂದೆ ಮೂರು ಎಚ್ಚರಿಕೆಯ ತ್ರಿಕೋನ ಇಡಬೇಕು ಎಂಬ ನಿಯಮ ಇದೆ. ಡ್ರೈವರೇ ಇಲ್ಲದ ಮೇಲೆ ಯಾರು ಇಡಬೇಕು? ಅರೋರಾ ಕಂಪನಿ ಅದರ ಬದಲು ಕ್ಯಾಬಿನ್ ಮೇಲೆ ಮಿನುಗುವ ದೀಪ ಹಾಕುತ್ತೇವೆ ಎಂದು ಕೇಳಿತು. ಸರ್ಕಾರ ಮೊದಲು ಒಪ್ಪಲಿಲ್ಲ. ಆಮೇಲೆ ಷರತ್ತು ಹಾಕಿ ಒಪ್ಪಿತು.

ನಮ್ಮಲ್ಲಿ ತ್ರಿಕೋನ ಎಲ್ಲಿತ್ತು? ಕಲ್ಲು ಇಡುತ್ತಿದ್ದೆವು, ಬೇವಿನ ಟೊಂಗೆ ಮುರಿದು ಹಾಕುತ್ತಿದ್ದೆವು. ನಾನು ಕ್ಲೀನರ್ ಆದ ಹೊಸತರಲ್ಲಿ ಒಮ್ಮೆ ಆನಗೋಡು ಹತ್ತಿರ ಗಾಡಿ ಪಂಕ್ಚರ್ ಆಯಿತು. ಸ್ಟೆಪ್ನಿ ಹಾಕಿ ಹೊರಟೆವು. ಒಂದು ಮೈಲಿ ಹೋದ ಮೇಲೆ ಗಾಡಿಯ ಡ್ರೈವರ್, ನನಗೆ ಕೆಲಸ ಕಲಿಸುತ್ತಿದ್ದ ಉಸ್ತಾದ್, ಕೇಳಿದರು, "ಕಲ್ಲು ತೆಗೆದ್ಯಾ?" ಮರೆತಿದ್ದೆ. ಬ್ರೇಕ್ ಹಾಕಿದರು. ಬೈಯಲಿಲ್ಲ. "ಹಿಂದೆ ಯಾವನೋ ಸ್ಕೂಟರಿನವನು ಬರ್ತಾನೆ. ಹೆಂಡ್ತಿ ಮಕ್ಳನ್ನ ಕೂರಿಸ್ಕೊಂಡಿರ್ತಾನೆ. ಹೋಗು" ಅಂದರು. ಕತ್ತಲಲ್ಲಿ ಒಬ್ಬನೇ ಓಡಿದೆ. ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಚರಂಡಿಗೆ ಹಾಕಿ ವಾಪಸ್ ಬರುವವರೆಗೆ ಅವರು ಗಾಡಿ ಹಚ್ಚಲಿಲ್ಲ.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಲೇಬೇಕು. ಯಂತ್ರಕ್ಕೆ ನಿದ್ದೆ ಬರುವುದಿಲ್ಲ. ನನಗೆ ಬಂದಿತ್ತು. ದಾವಣಗೆರೆಯಿಂದ ನಾಮಕ್ಕಲ್ಲಿಗೆ ಕೋಳಿ ಮೇವಿನ ಮೆಕ್ಕೆಜೋಳ ಇಳಿಸಿ, ಅವತ್ತೇ ಸಂಜೆ ವಾಪಸ್ ಲೋಡು ಹಾಕಿಕೊಂಡು ಹೊರಟಿದ್ದೆ. ಬೆಳಗಾಗುವುದರೊಳಗೆ ಊರು ಮುಟ್ಟಬೇಕು ಎಂದು ಮಾಲೀಕರ ಒತ್ತಾಯ. ಎರಡನೇ ರಾತ್ರಿ. ಐಮಂಗಲದ ಹತ್ತಿರ, ನಾಲ್ಕು ಗಂಟೆ ಹೊತ್ತಿಗೆ ಕಣ್ಣು ಮುಚ್ಚಿತು. ತೆರೆದಾಗ ಗಾಡಿ ಹುಣಸೆಮರಕ್ಕೆ ಒರಗಿ ನಿಂತಿತ್ತು. ಕ್ಲೀನರ್ ಹುಡುಗನ ಎಡಗೈ ಮುರಿದಿತ್ತು. ಇವತ್ತಿಗೂ ಅವನ ಆ ಕೈ ಪೂರ್ತಿ ಮಡಚುವುದಿಲ್ಲ. ಮದುವೆ ಮನೆಯಲ್ಲಿ ಸಿಕ್ಕಾಗ ನಗುತ್ತಲೇ ಮಾತಾಡಿಸುತ್ತಾನೆ. ನನಗೆ ಮಾತ್ರ ಅವನ ಕೈ ಕಡೆ ನೋಡಲು ಆಗುವುದಿಲ್ಲ.

2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಇದು ಸರ್ಕಾರದ ಲೆಕ್ಕ. ನಿದ್ದೆಗೆಟ್ಟ ಕಣ್ಣಿನ ಪಾಲೂ ಅದರಲ್ಲಿ ಇದೆ. ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಬಂದಿದ್ದು 1961ರಲ್ಲಿ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಅರ್ಧ ಗಂಟೆ ಬಿಡುವು ಎಂದು ಅದರಲ್ಲಿ ಇತ್ತು. ನನ್ನ 26 ವರ್ಷದಲ್ಲಿ ಆ ಕಾಯ್ದೆಯ ಹೆಸರನ್ನು ಒಬ್ಬರೂ ನನ್ನ ಮುಂದೆ ಹೇಳಲಿಲ್ಲ. ಎಚ್ಚರ ತಪ್ಪದ ಯಂತ್ರ ಒಂದು ಜೀವ ಉಳಿಸುತ್ತದೆ ಎಂದರೆ ನಾನು ಅದಕ್ಕೆ ಅಡ್ಡ ನಿಲ್ಲುವವನಲ್ಲ.

ನಮ್ಮ ದೇಶಕ್ಕೆ ಅದು ಬರುತ್ತದಾ? ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು 2017ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ, ಡ್ರೈವರ್ ಇಲ್ಲದ ಕಾರುಗಳನ್ನು ಬಿಟ್ಟುಕೊಳ್ಳುವುದಿಲ್ಲ, ಡ್ರೈವರುಗಳ ಕೆಲಸ ಹೋಗುತ್ತದೆ ಎಂದು ಹೇಳಿದ್ದಾರೆ. ಅದೇ ಸಚಿವರು, ದೇಶದಲ್ಲಿ ಸುಮಾರು 22 ಲಕ್ಷ ಡ್ರೈವರುಗಳ ಕೊರತೆ ಇದೆ ಎಂದೂ ಹೇಳಿದ್ದಾರೆ. ಈ ಎರಡೂ ಮಾತನ್ನು ಪಕ್ಕಪಕ್ಕ ಇಟ್ಟು ನೋಡಿ. ನಮ್ಮ ಆಫೀಸಿನ ಮುಂದೆ ದಿನಾ ಇದೇ ಮಾತು: ಗಾಡಿ ಇದೆ, ಲೋಡು ಇದೆ, ಡ್ರೈವರ್ ಇಲ್ಲ. ಸೀಟು ಖಾಲಿಯಾಗಲು ಯಂತ್ರವೇ ಬರಬೇಕು ಅಂತೇನಿಲ್ಲ. ಅದು ಆಗಲೇ ಖಾಲಿಯಾಗುತ್ತಿದೆ.

ಮೊದಲು ಖಾಲಿಯಾಗಿದ್ದು ಕ್ಲೀನರ್ ಸೀಟು. ನಾನು ಡ್ರೈವಿಂಗ್ ಕಲಿತಿದ್ದು ಯಾವ ಶಾಲೆಯಲ್ಲೂ ಅಲ್ಲ. ಮೊದಲ ಒಂದು ವರ್ಷ ಟೈರಿಗೆ ಸುತ್ತಿಗೆಯಿಂದ ತಟ್ಟಿ ಗಾಳಿ ನೋಡಿದೆ. ಎಂಜಿನ್ನಿಗೆ ನೀರು ಹಾಕಿದೆ, ಹಗ್ಗ ಕಟ್ಟಿದೆ, ರಿವರ್ಸ್ ಹೊಡೆಯುವಾಗ ಹಿಂದೆ ನಿಂತು "ಬಾ ಬಾ" ಅಂದೆ. ಆಮೇಲೆ ಒಂದು ದಿನ, ಖಾಲಿ ಗಾಡಿ ವಾಪಸ್ ಬರುವಾಗ, ಶಿರಾ ದಾಟಿದ ಮೇಲೆ, ಇನ್ನೂ ಬೆಳಕು ಹರಿಯುತ್ತಿತ್ತು. ಉಸ್ತಾದ್ ಗಾಡಿ ನಿಲ್ಲಿಸಿ ಬೀಡಿ ಹಚ್ಚಿ, "ಈ ಕಡೆ ಬಾ" ಅಂದರು. ಪವರ್ ಸ್ಟೇರಿಂಗ್ ಇರಲಿಲ್ಲ. ಡಬಲ್ ಕ್ಲಚ್ ಹೊಡೆದು ಗೇರ್ ಹಾಕಬೇಕು. ನೇರ ರಸ್ತೆ, ಎದುರಿಗೆ ಯಾರೂ ಇಲ್ಲ. ಹಿರಿಯೂರಿನವರೆಗೆ ಓಡಿಸಿದೆ. ಇಳಿದಾಗ ಅಂಗಿ ಒದ್ದೆಯಾಗಿತ್ತು.

ಈಗಿನ ಹನ್ನೆರಡು ಚಕ್ರ, ಹದಿನಾಲ್ಕು ಚಕ್ರದ ಗಾಡಿಗಳಲ್ಲೂ ಎಷ್ಟೋ ಸಲ ಡ್ರೈವರ್ ಒಬ್ಬನೇ. ಕ್ಲೀನರ್ ಸಂಬಳ ಉಳಿಯಿತು ಅಂತ ಮಾಲೀಕರ ಲೆಕ್ಕ. ಅವರಿಗೂ ಡೀಸೆಲ್, ಟೋಲ್, ಕಂತು ಕಟ್ಟುವ ಕಷ್ಟ ಇದೆ, ಒಪ್ಪುತ್ತೇನೆ. ಆದರೆ ಕ್ಲೀನರ್ ಸೀಟು ಖಾಲಿಯಾದ ದಿನವೇ ಮುಂದಿನ ಡ್ರೈವರ್ ಹುಟ್ಟುವ ಜಾಗ ಹೋಯಿತು.

ನನ್ನನ್ನು ಕಾಡುವುದು ಇದು. ಯಂತ್ರ ಬಂದರೆ ಮೊದಲು ಹಿಡಿಯುವುದು ಯಾವ ರಸ್ತೆ? ಶಿರಾ–ಹಿರಿಯೂರಿನಂಥ ನೇರ ರಸ್ತೆ. ಮನುಷ್ಯನಿಗೆ ಬಿಡುವುದು ದಾವಣಗೆರೆಯ ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಸಂಜೆಯ ನೂಕುನುಗ್ಗಲು, ಎಪಿಎಂಸಿ ಒಳಗಿನ ರಿವರ್ಸು, ಭೀಮಸಮುದ್ರದ ಅಡಿಕೆ ಲೋಡಿನ ಹಳ್ಳಿ ದಾರಿ. ಅಂದರೆ ಕಷ್ಟದ್ದೆಲ್ಲ ನಮಗೆ. ಕಷ್ಟದ ರಸ್ತೆಗೆ ಒಳ್ಳೆ ಕೈ ಬೇಕು. ಆ ಕೈ ಪಳಗುವುದೇ ಸುಲಭದ ರಸ್ತೆಯಲ್ಲಿ, ಪಕ್ಕದಲ್ಲಿ ಒಬ್ಬ ಉಸ್ತಾದ್ ಕೂತಿದ್ದಾಗ. ಸುಲಭದ್ದನ್ನು ಯಂತ್ರಕ್ಕೆ ಕೊಟ್ಟು, ಕ್ಲೀನರ್ ಸೀಟನ್ನೂ ಕಿತ್ತ ಮೇಲೆ, ಹುಡುಗರು ಎಲ್ಲಿ ಕಲಿಯಬೇಕು?

2025ರಿಂದೀಚೆಗೆ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗಿದೆ. ಬಹಳ ಒಳ್ಳೆ ಕೆಲಸ. ಎಂಜಿನ್ನಿನ ಪಕ್ಕ ಏಪ್ರಿಲ್ ಬಿಸಿಲಲ್ಲಿ ಬೆಂದವರಿಗೆ ಅದರ ಬೆಲೆ ಗೊತ್ತು. ಅದೇ ಮನಸ್ಸಿನಿಂದ ಹೆದ್ದಾರಿಯಲ್ಲಿ ನೀರು, ಶೌಚಾಲಯ, ಮಲಗಲು ಜಾಗ ಇರುವ ನಿಲ್ದಾಣಗಳು ಜಾಸ್ತಿ ಆಗಬೇಕು. ಕಲಿಯುವ ಹುಡುಗನನ್ನು ಇಟ್ಟುಕೊಂಡ ಗಾಡಿಗೆ ಸರ್ಕಾರ ಏನಾದರೂ ರಿಯಾಯಿತಿ ಕೊಡಬೇಕು. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಅಕ್ಕನ ಮಗನಿಗೆ "ಲೈಸೆನ್ಸ್ ಮಾಡಿಸು" ಅಂದೆ. ನನ್ನ ಕಾಲ ಮುಗಿಯುವವರೆಗೆ ಈ ರಸ್ತೆಗೆ ಮನುಷ್ಯ ಬೇಕು, ಅವನ ಕಾಲಕ್ಕೂ ಬೇಕು ಎಂದು ನನಗೆ ಅನಿಸುತ್ತದೆ. ಹೋದ ಭಾನುವಾರ ಅವನನ್ನು ಯಾರ್ಡಿಗೆ ಕರೆದುಕೊಂಡು ಹೋದೆ. ನೇರವಾಗಿ ಡ್ರೈವರ್ ಬಾಗಿಲ ಕಡೆ ಹೊರಟ. ತಡೆದೆ. ಮಂಡಕ್ಕಿ ಚೀಲದ ಲೋಡೊಂದು ನಿಂತಿತ್ತು, ಎತ್ತರಕ್ಕೆ ಪೇರಿಸಿದ್ದು. ತೂಕ ಇಲ್ಲ, ಆದರೆ ಹಗ್ಗ ಸಡಿಲಾದರೆ ಗಾಳಿಗೆ ಇಡೀ ಲೋಡೇ ವಾಲುತ್ತದೆ. ಹಗ್ಗ ಅವನ ಕೈಗೆ ಕೊಟ್ಟೆ. ಬೆವರು ಸುರಿಸಿ ಕಟ್ಟಿದ. ನಾನು ಒಂದು ಬೆರಳು ಹಾಕಿ ಎಳೆದೆ. ಗಂಟು ಜಾರಿತು. ಹುಡುಗನ ಮುಖ ಬಾಡಿತು.

"ಬಿಚ್ಚು" ಅಂದೆ. "ಇನ್ನೊಂದ್ಸಲ ಕಟ್ಟು. ನಾನು ಇಲ್ಲೇ ಇರ್ತೀನಿ."

ನಮಸ್ಕಾರ.