ಆವರ್ತ ಕೋಷ್ಟಕದ ಖಾಲಿ ಮನೆಗಳು

ನಮಸ್ಕಾರ. ಇವತ್ತು ಹೈಸ್ಕೂಲ್ ಮಕ್ಕಳ ರಸಾಯನಶಾಸ್ತ್ರದ ಬಗ್ಗೆ ಮಾತಾಡೋಣ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆವರ್ತ ಕೋಷ್ಟಕ, ಅಂದರೆ ಒಂದೇ ಗುಣದ ಧಾತುಗಳು ಒಂದರ ಕೆಳಗೊಂದು ಬರುವಂತೆ ಜೋಡಿಸಿದ ಪಟ್ಟಿ. ಅದನ್ನು ಬಾಯಿಪಾಠ ಮಾಡಿಸುವುದು ನಿಲ್ಲಬೇಕು. ಹಾಗಂತ ಅದನ್ನು ಪುಸ್ತಕದಿಂದಲೇ ಕಿತ್ತುಹಾಕುವುದು ಇನ್ನೂ ದೊಡ್ಡ ತಪ್ಪು.

ಶಾಲಾ ಪಠ್ಯಪುಸ್ತಕ ತಯಾರಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ ಆ ತಪ್ಪನ್ನೇ ಮಾಡಿತು. 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ 10ನೇ ತರಗತಿಯ ವಿಜ್ಞಾನದಿಂದ ಧಾತುಗಳ ವರ್ಗೀಕರಣದ ಅಧ್ಯಾಯವನ್ನೇ ಕೈಬಿಟ್ಟಿತು. 11ರಲ್ಲಿ ಇದೆಯಲ್ಲ ಅಂದರು. ಸರಿ, 11ರಲ್ಲಿ ಕಾಮರ್ಸ್ ತಗೊಂಡ ಹುಡುಗಿಗೆ ಅದನ್ನು ಯಾರು ಕಲಿಸುತ್ತಾರೆ?

ಈ ಪಾಠ ಹೊರೆ ಅನಿಸಿದ್ದಕ್ಕೆ ಕಾರಣ ನಾವು ಕಲಿಸಿದ ರೀತಿ. ಹೈಡ್ರೋಜನ್, ಹೀಲಿಯಂ, ಲಿಥಿಯಂ ಅಂತ ಮೊದಲ 20 ಹೆಸರು ರಾಗವಾಗಿ ಒಪ್ಪಿಸಿದರೆ ಸಾಕು, ಮಾರ್ಕ್ಸ್ ಸಿಗುತ್ತದೆ. ಸೋಡಿಯಂ ಯಾಕೆ ಲಿಥಿಯಂ ಕೆಳಗೇ ಕೂತಿದೆ ಅಂತ ಕೇಳಿ ನೋಡಿ. ಇಡೀ ಕ್ಲಾಸ್ ಸುಮ್ಮನಾಗುತ್ತದೆ.

ಆ ಉತ್ತರವನ್ನು ಮಕ್ಕಳೇ ಹುಡುಕಬಲ್ಲರು. ಹಳೇ ಮದುವೆ ಕಾರ್ಡುಗಳ ಹಿಂಬದಿ ಸಾಕು. ಒಂದೊಂದರ ಮೇಲೆ ಒಂದು ಧಾತು, ಅದರ ಪರಮಾಣು ತೂಕ, ನೀರಿಗೆ ಹಾಕಿದರೆ ಏನಾಗುತ್ತದೆ ಅನ್ನೋದು. ಸೋಡಿಯಂ ಕಾರ್ಡನ್ನು ಮಾತ್ರ ಬಚ್ಚಿಡಿ. ಲಿಥಿಯಂ 7, ಪೊಟ್ಯಾಸಿಯಂ 39. ಎರಡೂ ಮೆತ್ತನೆಯ ಲೋಹ, ಎರಡೂ ನೀರಿನ ಜತೆ ಜಗಳಕ್ಕೆ ಬೀಳುತ್ತವೆ. ನಡುವೆ ಇರೋದರ ತೂಕ ಎಷ್ಟಿರಬಹುದು? ಕೂಡಿಸಿ ಅರ್ಧ ಮಾಡಿದರೆ 23. ಈಗ ಕಾರ್ಡ್ ತೆಗೆದು ತೋರಿಸಿ. ಜರ್ಮನಿಯ ರಸಾಯನಶಾಸ್ತ್ರಜ್ಞ ಡಾಬರೈನರ್ 1829ರಲ್ಲಿ ಬರೆದದ್ದು ಇಂಥ ಮೂರರ ಗುಂಪುಗಳ ಬಗ್ಗೆಯೇ.

ಇಷ್ಟಾದ ಮೇಲೆ, ಧಾತುಗಳನ್ನೆಲ್ಲ ಕೋಷ್ಟಕದ ಮನೆಗಳಲ್ಲಿ ಜೋಡಿಸಿದ ರಷ್ಯಾದ ರಸಾಯನಶಾಸ್ತ್ರಜ್ಞ ಮೆಂಡಲೀವ್ ಕಥೆ ಹೇಳಿ. 1869ರಲ್ಲಿ ಗೊತ್ತಿದ್ದದ್ದು 63 ಧಾತುಗಳು. ಗುಣ ಹೊಂದದ ಕಡೆ ಆತ ಬಲವಂತವಾಗಿ ಯಾವುದನ್ನೂ ತುರುಕಲಿಲ್ಲ. ಮನೆ ಖಾಲಿ ಬಿಟ್ಟರು. ಮುಂದೆ ಅಲ್ಲಿಗೆ ಬರುವ ಧಾತು ಹೇಗಿರುತ್ತದೆ ಅಂತಲೂ ಬರೆದರು! ಅಲ್ಯುಮಿನಿಯಂ ಕೆಳಗಿನ ಮನೆಗೆ ಹೇಳಿದ ಸಾಂದ್ರತೆ 5.9. 1875ರಲ್ಲಿ ಫ್ರಾನ್ಸ್‌ನಲ್ಲಿ ಗ್ಯಾಲಿಯಂ ಸಿಕ್ಕಿತು. ಕಲಬುರಗಿಯ ಬೇಸಿಗೆಯಲ್ಲಿ ಕಪಾಟಿನಲ್ಲೇ ಕರಗಿಬಿಡುವ ಲೋಹ ಅದು. ಕಂಡುಹಿಡಿದವರು ಅಳೆದಾಗ ಸಾಂದ್ರತೆ 4.7 ಬಂತು. ನಿಮ್ಮ ಮಾದರಿ ಶುದ್ಧ ಇಲ್ಲ, ಇನ್ನೊಮ್ಮೆ ನೋಡಿ ಅಂದರು ಮೆಂಡಲೀವ್. ಶುದ್ಧ ಮಾಡಿ ಅಳೆದರು. 5.9! ಆ ಲೋಹವನ್ನು ಕಣ್ಣಿಂದಲೂ ನೋಡಿರದ ಮನುಷ್ಯ, ಕೈಯಲ್ಲಿ ಹಿಡಿದವರ ಲೆಕ್ಕ ತಿದ್ದಿದರು. 14 ವರ್ಷದ ಮಗುವಿಗೆ ಇದನ್ನು ಹೇಳದೆ 20 ಹೆಸರು ಒಪ್ಪಿಸು ಅನ್ನೋದು ಅನ್ಯಾಯ ಅಲ್ವಾ?

ಪೋರ್ಶನ್ ಮುಗಿಸಬೇಕಲ್ಲ ಅನ್ನುತ್ತಾರೆ ಮೇಷ್ಟ್ರುಗಳು. ಅವರ ಕಷ್ಟ ನಿಜ. ಪ್ರಶ್ನೆಪತ್ರಿಕೆ ಬದಲಾಗದೆ ಎಲ್ಲವನ್ನೂ ಅವರ ತಲೆಗೆ ಕಟ್ಟಬಾರದು. ಅದಕ್ಕೇ ನನ್ನ ಬೇಡಿಕೆ ಇಷ್ಟು. ಅಧ್ಯಾಯ 10ನೇ ತರಗತಿಗೆ ವಾಪಸ್ ಬರಲಿ. ಪರೀಕ್ಷೆಯಲ್ಲಿ ಇಂಥ ಒಂದು ಪ್ರಶ್ನೆ ಇರಲಿ: ಕ್ಲೋರಿನ್ 35.5, ಅಯೋಡಿನ್ 127, ನಡುವಿನ ಬ್ರೋಮಿನ್ ತೂಕ ಎಷ್ಟಿರಬಹುದು? ಲೆಕ್ಕಕ್ಕೆ ಸುಮಾರು 81 ಬರುತ್ತದೆ. ನಿಜವಾದ ತೂಕ 80ರ ಹತ್ತಿರ. ಈ ವ್ಯತ್ಯಾಸ ಯಾಕೆ ಅಂತ ಉತ್ತರಪತ್ರಿಕೆಯಲ್ಲೇ ತಿರುಗಿ ಕೇಳುವ ಮಗುವಿಗೆ ಪೂರ್ತಿ ಮಾರ್ಕ್ಸ್ ಕೊಡಿ.